ಚರ್ಚ್ ಕಚೇರಿಗೆ ಕಂಪ್ಯೂಟರ್ ವ್ಯವಸ್ಥೆ ರೂಪಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕಚೇರಿಗೆ ಕಂಪ್ಯೂಟರ್ ಬೇಕು ಎಂದು ಚರ್ಚ್ ಸಮಿತಿ ತೀರ್ಮಾನಿಸಿದ ಕೂಡಲೇ "ಯಾವುದನ್ನು ಕೊಳ್ಳೋಣ?" ಎಂಬ ಚರ್ಚೆ ಶುರುವಾಗುತ್ತದೆ. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಯಂತ್ರ ಐದಾರು ವರ್ಷ ಬಾಳುತ್ತದೆ, ಸಾಫ್ಟ್‌ವೇರ್ ಹತ್ತು ವರ್ಷ ಇರಬಹುದು. ಆದರೆ ಈ ವರ್ಷ ದೀಕ್ಷಾಸ್ನಾನ ಪಡೆದ ಮಗು ಐವತ್ತು ವರ್ಷ ಕಳೆದ ಮೇಲೂ ಒಂದು ಪ್ರಮಾಣಪತ್ರ ಕೇಳಿಕೊಂಡು ಬರಬಹುದು. ಆಗ ಇಂದಿನ ಕಾರ್ಯದರ್ಶಿ ಇರುವುದಿಲ್ಲ, ಪಾದ್ರಿ ಇರುವುದಿಲ್ಲ, ಕಂಪ್ಯೂಟರಂತೂ ಇರುವುದೇ ಇಲ್ಲ. ಹೆಸರು ಮತ್ತು ತಾರೀಖು ಮಾತ್ರ ಉಳಿದಿರಬೇಕು. ಇಡೀ ಯೋಜನೆಯನ್ನು ಈ ಒಂದು ವಿಷಯದಿಂದ ಶುರುಮಾಡಿ.

ಇದು ಹೊಸ ಜವಾಬ್ದಾರಿಯಲ್ಲ. 1538ರಲ್ಲಿ ಇಂಗ್ಲೆಂಡಿನಲ್ಲಿ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿ ಪ್ಯಾರಿಷ್‌ನಲ್ಲೂ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಯ ಪುಸ್ತಕ ಇಡಬೇಕೆಂದು ಆಜ್ಞೆ ಹೊರಡಿಸಿದ. 1563ರಲ್ಲಿ ಟ್ರೆಂಟ್ ಮಹಾಸಭೆ ಮದುವೆಯ ದಾಖಲೆ ಇಡುವಂತೆ ಕ್ಯಾಥೊಲಿಕ್ ಪಾದ್ರಿಗಳಿಗೆ ಹೇಳಿತು. ಇಂದಿಗೂ ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ಕಲಮು ಈ ರಿಜಿಸ್ಟರ್‌ಗಳನ್ನು ಕಡ್ಡಾಯ ಮಾಡುತ್ತದೆ. ಅಷ್ಟು ಹಳೆಯ ಕೆಲಸಕ್ಕೆ ನೀವೀಗ ಹೊಸ ಉಪಕರಣ ಜೋಡಿಸುತ್ತಿದ್ದೀರಿ. ಹಾಗಾಗಿ ಅವಸರ ಬೇಡ.

ಹಂತ 1: ಕಚೇರಿಯಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂದು ಬರೆದಿಡಿ

ಎರಡು ವಾರ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡಿ. ಯಾರು ಬಂದರು, ಏನು ಕೇಳಿದರು, ಉತ್ತರ ಎಲ್ಲಿ ಸಿಕ್ಕಿತು, ಎಷ್ಟು ಹೊತ್ತು ಹಿಡಿಯಿತು, ಅಷ್ಟೇ ಬರೆಯಿರಿ. "ನನ್ನ ಅಪ್ಪ ಅಮ್ಮನ ಮದುವೆ ಸರ್ಟಿಫಿಕೇಟ್ ಬೇಕು." "ಹಾಲ್ ಮುಂದಿನ ಶನಿವಾರ ಖಾಲಿ ಇದೆಯಾ?" "ಹೋದ ವರ್ಷ ನಾನು ಎಷ್ಟು ಕಾಣಿಕೆ ಕೊಟ್ಟಿದ್ದೆ?" "ಆಸ್ಪತ್ರೆಯಲ್ಲಿರುವವರ ಪಟ್ಟಿ ಕೊಡಿ, ಭೇಟಿಗೆ ಹೋಗಬೇಕು." ಇಂಥ ಪ್ರಶ್ನೆಗಳೇ ನಿಮ್ಮ ವ್ಯವಸ್ಥೆಯ ನಿಜವಾದ ಬೇಡಿಕೆ ಪಟ್ಟಿ. ಸಾಫ್ಟ್‌ವೇರ್ ಮಾರುವವರ ಕರಪತ್ರದಲ್ಲಿ ಇರುವುದಲ್ಲ.

ಎರಡು ವಾರದಲ್ಲಿ ಕಾಣದ ಕೆಲಸಗಳೂ ಇವೆ. ಕ್ರಿಸ್‌ಮಸ್ ಮತ್ತು ಈಸ್ಟರ್ ಹೊತ್ತಿನ ಗಡಿಬಿಡಿ, ವಾರ್ಷಿಕ ಮಹಾಸಭೆ, ಮೇಲಿನ ಕಚೇರಿಗೆ ಕಳಿಸುವ ವಾರ್ಷಿಕ ವರದಿ, ಲೆಕ್ಕ ಪರಿಶೋಧನೆ. ಇವನ್ನು ಹಳಬರನ್ನು ಕೇಳಿ ಸೇರಿಸಿ. ಸಂಡೇ ಸ್ಕೂಲ್ ನೋಡಿಕೊಳ್ಳುವವರು, ಕ್ವೈರ್ ನಡೆಸುವವರು, ಸ್ಮಶಾನದ ಉಸ್ತುವಾರಿಯವರು ತಮ್ಮದೇ ನೋಟ್‌ಬುಕ್ ಇಟ್ಟುಕೊಂಡಿರುತ್ತಾರೆ. ಅವರನ್ನೂ ಕೂರಿಸಿ ಮಾತಾಡಿ.

ಆಮೇಲೆ ಎಲ್ಲವನ್ನೂ ಮೂರು ಗುಂಪು ಮಾಡಿ: ಕಂಪ್ಯೂಟರ್ ಇಲ್ಲದೆ ಕಷ್ಟವಾಗಿರುವುದು, ಇದ್ದರೆ ಸುಲಭವಾಗುವುದು, ಈಗಿರುವ ಹಾಗೇ ಚೆನ್ನಾಗಿರುವುದು. ಮೂರನೇ ಗುಂಪನ್ನು ಮುಟ್ಟಬೇಡಿ. ಗೋಡೆಯ ಕ್ಯಾಲೆಂಡರ್ ಎಲ್ಲರಿಗೂ ಕಾಣುತ್ತಿದ್ದರೆ, ಯಾರೂ ಎರಡು ಸಲ ಹಾಲ್ ಬುಕ್ ಮಾಡುತ್ತಿಲ್ಲವೆಂದರೆ, ಸುಮ್ನೆ ಅದನ್ನು ಬದಲಿಸುವುದೇಕೆ?

ಹಂತ 2: ಮಾಹಿತಿಯ ಆಕಾರ ನಿರ್ಧರಿಸಿ

ಇಡೀ ಯೋಜನೆಯಲ್ಲಿ ಜಾಸ್ತಿ ಯೋಚನೆ ಬೇಡುವ ಭಾಗ ಇದು. ಇಲ್ಲಿ ಮಾಡಿದ ತಪ್ಪು ಸಾವಿರ ಸಾಲು ತುಂಬಿಸಿದ ಮೇಲೆ ಗೊತ್ತಾಗುತ್ತದೆ.

ಮೊದಲ ನಿರ್ಧಾರ: ದಾಖಲೆಯ ಘಟಕ ಯಾವುದು, ಕುಟುಂಬವೋ ವ್ಯಕ್ತಿಯೋ? ಬಹಳ ಕಚೇರಿಗಳಲ್ಲಿ ಕುಟುಂಬಕ್ಕೊಂದು ಕಾರ್ಡ್ ಇರುತ್ತದೆ. ಅದನ್ನೇ ಹಾಗೇ ಕಂಪ್ಯೂಟರಿಗೆ ಹಾಕಿದರೆ, "ಮಗ 1, ಮಗ 2, ಮಗಳು 1" ಎಂಬ ಕಾಲಮ್‌ಗಳು ಹುಟ್ಟುತ್ತವೆ. ಆ ಮಗಳಿಗೆ ಮದುವೆಯಾಗಿ ಅದೇ ಸಭೆಯಲ್ಲಿ ಬೇರೆ ಮನೆ ಸೇರಿದಾಗ ಅವಳ ಮಾಹಿತಿ ಎರಡು ಕಡೆ ಬರುತ್ತದೆ, ಎರಡೂ ಬೇರೆ ಬೇರೆ ಆಗುತ್ತವೆ. ಆದ್ದರಿಂದ ಪ್ರತಿ ವ್ಯಕ್ತಿಗೂ ಒಂದೇ ಒಂದು ದಾಖಲೆ ಇರಲಿ. ಕುಟುಂಬಗಳದ್ದು ಇನ್ನೊಂದು ಪಟ್ಟಿ. ವ್ಯಕ್ತಿಯ ಸಾಲಿನಲ್ಲಿ "ಈಗ ಯಾವ ಕುಟುಂಬ" ಎಂದು ಒಂದು ಸಂಖ್ಯೆ. ಮನೆ ಬದಲಾದರೆ ಆ ಸಂಖ್ಯೆ ಬದಲಿಸಿದರೆ ಮುಗಿಯಿತು.

ಪ್ರತಿ ವ್ಯಕ್ತಿಗೂ ಒಂದು ಸದಸ್ಯ ಸಂಖ್ಯೆ ಕೊಡಿ. ಆ ಸಂಖ್ಯೆಯಲ್ಲಿ ಯಾವ ಅರ್ಥವನ್ನೂ ತುಂಬಬೇಡಿ. ಬಡಾವಣೆ ಸಂಕೇತ, ಸೇರಿದ ವರ್ಷ, ಗಂಡು ಹೆಣ್ಣು ಯಾವುದೂ ಬೇಡ. ಬಡಾವಣೆ ಬದಲಾದರೆ ಸಂಖ್ಯೆಯೇ ಸುಳ್ಳು ಹೇಳತೊಡಗುತ್ತದೆ. 1, 2, 3 ಎಂದು ಸಾಲಾಗಿ ಕೊಟ್ಟರೆ ಸಾಕು. ಒಮ್ಮೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ.

ಯಾರನ್ನೂ ಅಳಿಸಬೇಡಿ. ಊರು ಬಿಟ್ಟವರು, ಬೇರೆ ಸಭೆಗೆ ಹೋದವರು, ತೀರಿಹೋದವರು ಎಲ್ಲರಿಗೂ "ಸ್ಥಿತಿ" ಎಂಬ ಒಂದು ಕಾಲಮ್ ಇರಲಿ, ಜೊತೆಗೆ ಆ ಬದಲಾವಣೆಯ ತಾರೀಖು. ಗಂಡನನ್ನು ಕಳೆದುಕೊಂಡವರ ಮನೆಗೆ ಆತನ ಹೆಸರಿನಲ್ಲೇ ಕಚೇರಿಯ ಪತ್ರ ಹೋದರೆ ಅವರ ಮನಸ್ಸಿಗೆ ಎಷ್ಟು ನೋವಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಂಚೆ ಪಟ್ಟಿ ತಯಾರಾಗುವಾಗ ಈ ಕಾಲಮ್ ನೋಡಿಯೇ ತಯಾರಾಗಬೇಕು.

ಇನ್ನು ತಾರೀಖುಗಳ ವಿಷಯ. ಎಕ್ಸೆಲ್ 1900ರ ಜನವರಿ 1ಕ್ಕಿಂತ ಹಿಂದಿನ ತಾರೀಖನ್ನು ತಾರೀಖು ಎಂದು ಗುರುತಿಸುವುದೇ ಇಲ್ಲ, ಬರೀ ಅಕ್ಷರ ಎಂದುಕೊಳ್ಳುತ್ತದೆ. ಲಿಬ್ರೆಆಫೀಸ್ ಕ್ಯಾಲ್ಕ್ ಗುರುತಿಸುತ್ತದೆ, ಆದರೆ ಅದೇ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದರೆ ಮತ್ತೆ ತೊಂದರೆ. ಹಳೆಯ ಚರ್ಚುಗಳ ರಿಜಿಸ್ಟರ್ 1900ಕ್ಕಿಂತ ಎಷ್ಟೋ ಹಿಂದಕ್ಕೆ ಹೋಗುತ್ತದೆ, ಅಲ್ವಾ? ಜೊತೆಗೆ ಹಳೆಯ ಪುಸ್ತಕಗಳಲ್ಲಿ ಎಷ್ಟೋ ಸಲ ವರ್ಷ ಮಾತ್ರ ಓದಲು ಬರುತ್ತದೆ, ದಿನ ಅಳಿಸಿಹೋಗಿರುತ್ತದೆ. ಆದ್ದರಿಂದ ದಿನ, ತಿಂಗಳು, ವರ್ಷಕ್ಕೆ ಮೂರು ಬೇರೆ ಕಾಲಮ್ ಇಡುವುದೇ ಕ್ಷೇಮ. ಗೊತ್ತಿಲ್ಲದ್ದನ್ನು ಖಾಲಿ ಬಿಡಿ. ಸುಮಾರಾಗಿ ಜನವರಿ 1 ಎಂದು ತುಂಬಬೇಡಿ, ಮುಂದೆ ಅದೇ ಸತ್ಯ ಎಂದು ಸರ್ಟಿಫಿಕೇಟಿನಲ್ಲಿ ಅಚ್ಚಾಗುತ್ತದೆ. ತಾರೀಖನ್ನು ಒಂದೇ ಕಾಲಮ್‌ನಲ್ಲಿ ಬರೆಯಲೇಬೇಕಾದರೆ 1987-04-03 ಎಂದು ವರ್ಷ ಮೊದಲು ಬರುವಂತೆ ಬರೆಯಿರಿ. 03-04-1987 ಎಂದರೆ ಕೆಲವರಿಗೆ ಏಪ್ರಿಲ್, ಕೆಲವರಿಗೆ ಮಾರ್ಚ್.

ಹೆಸರಿನ ಸ್ಪೆಲ್ಲಿಂಗ್ ರಿಜಿಸ್ಟರಿನಲ್ಲಿ ಇದ್ದಂತೆಯೇ ಒಂದು ಕಾಲಮ್, ಈಗ ಅವರು ಬಳಸುವ ಹೆಸರು ಇನ್ನೊಂದು ಕಾಲಮ್. ಫೋನ್ ನಂಬರ್ ಕಾಲಮ್ಮನ್ನು ಅಕ್ಷರ ರೂಪಕ್ಕೆ ಬದಲಿಸಿ, ಇಲ್ಲದಿದ್ದರೆ ಶುರುವಿನ ಸೊನ್ನೆ ಮಾಯವಾಗುತ್ತದೆ. ಯಾವ ಭಾಷೆಯಲ್ಲಿ ಬರೆದರೂ, ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲೇ ಬರೆಯಿರಿ. ಒಂದು ಫಾಂಟ್ ಇದ್ದರೆ ಮಾತ್ರ ಓದಲು ಬರುವ ಹಳೆಯ ಪದ್ಧತಿ ಬೇಡ. ಆ ಫಾಂಟ್ ಮುಂದೆ ಸಿಗದಿದ್ದರೆ ಪಟ್ಟಿಯೇ ಕೈಬಿಟ್ಟಂತೆ.

ಹಂತ 3: ರಿಜಿಸ್ಟರ್ ಪುಸ್ತಕ ಮತ್ತು ಕಂಪ್ಯೂಟರಿನ ಸಂಬಂಧ

ನನ್ನ ಖಚಿತ ಅಭಿಪ್ರಾಯ ಹೇಳುತ್ತೇನೆ: ಕಾಗದದ ರಿಜಿಸ್ಟರ್ ನಿಲ್ಲಿಸಬೇಡಿ. ಮೂಲ ದಾಖಲೆ ಅದೇ ಆಗಿರಲಿ. ಕಂಪ್ಯೂಟರ್ ಅದಕ್ಕೆ ಸೂಚಿ ಮತ್ತು ನಕಲು. ಹೆಸರು, ತಾರೀಖು, ತಂದೆ ತಾಯಿಯ ಹೆಸರು, ಸಂಪುಟ, ಪುಟ, ಕ್ರಮಸಂಖ್ಯೆ ಇಷ್ಟು ಕಂಪ್ಯೂಟರಿನಲ್ಲಿ ಇದ್ದರೆ ಅರ್ಧ ದಿನ ಪುಟ ತಿರುಗಿಸುವ ಕೆಲಸ ಒಂದು ನಿಮಿಷಕ್ಕೆ ಇಳಿಯುತ್ತದೆ. ಪ್ರಮಾಣಪತ್ರ ಕೊಡುವ ಮೊದಲು ಪುಸ್ತಕ ತೆರೆದು ಒಂದು ಸಲ ನೋಡುವ ಅಭ್ಯಾಸವನ್ನು ಮಾತ್ರ ಬಿಡಬೇಡಿ.

ಅಂಚಿನ ಟಿಪ್ಪಣಿಗಳನ್ನು ಮರೆಯಬಾರದು. ಕ್ಯಾಥೊಲಿಕ್ ಪದ್ಧತಿಯಲ್ಲಿ ದೃಢೀಕರಣ, ಮದುವೆ, ಗುರುದೀಕ್ಷೆ ಇವೆಲ್ಲ ದೀಕ್ಷಾಸ್ನಾನದ ನಮೂದಿನ ಪಕ್ಕದಲ್ಲೇ ಸೇರಬೇಕು, ಪ್ರಮಾಣಪತ್ರದಲ್ಲೂ ಬರಬೇಕು. ಮದುವೆ ಬೇರೆ ಪ್ಯಾರಿಷ್‌ನಲ್ಲಿ ಆದರೂ ಸುದ್ದಿ ಇಲ್ಲಿಗೆ ಬಂದು ಇಲ್ಲೇ ದಾಖಲಾಗುತ್ತದೆ. ಆದ್ದರಿಂದ ನಿಮ್ಮ ಸೂಚಿಯಲ್ಲಿ ಟಿಪ್ಪಣಿಗೆ ಒಂದೇ ಚಿಕ್ಕ ಕಾಲಮ್ ಸಾಲದು. ಒಬ್ಬ ವ್ಯಕ್ತಿಗೆ ಎಷ್ಟು ಬೇಕಾದರೂ ಟಿಪ್ಪಣಿ ಸೇರಿಸಲು ಬರಬೇಕು, ಪ್ರತಿಯೊಂದಕ್ಕೂ ತಾರೀಖು ಮತ್ತು ಬರೆದವರ ಹೆಸರು ಇರಬೇಕು. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಪದ್ಧತಿ ರಿಜಿಸ್ಟರಿಗೆ ಹೊಂದುವುದಿಲ್ಲ.

ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವುದಾದರೆ ಕನಿಷ್ಠ 300 ಡಿಪಿಐ (ಇಂಚಿಗೆ 300 ಚುಕ್ಕಿ), ಬಣ್ಣದಲ್ಲಿ. ಮಾಸಿದ ಶಾಯಿ ಕಪ್ಪು ಬಿಳುಪಿನಲ್ಲಿ ಕಾಣದೇ ಹೋಗುತ್ತದೆ. ಹಾಳೆ ಎಳೆದುಕೊಳ್ಳುವ ಸ್ಕ್ಯಾನರಿಗಾಗಿ ಪುಸ್ತಕದ ಹೊಲಿಗೆ ಬಿಚ್ಚುವುದು ಎಂದಿಗೂ ಬೇಡ. ಮೇಲಿನಿಂದ ಫೋಟೊ ತೆಗೆಯುವ ಸ್ಕ್ಯಾನರ್ ಅಥವಾ ಸ್ಟ್ಯಾಂಡಿಗೆ ಕೂರಿಸಿದ ಕ್ಯಾಮೆರಾ ಸಾಕು. ಮೂಲ ಚಿತ್ರಗಳನ್ನು ಟಿಫ್ ರೂಪದಲ್ಲಿ ಇಟ್ಟುಕೊಳ್ಳಿ, ದಿನಬಳಕೆಗೆ ಪಿಡಿಎಫ್/ಎ ಮಾಡಿಕೊಳ್ಳಿ. ಪಿಡಿಎಫ್/ಎ ಎಂಬುದು ದೀರ್ಘಕಾಲ ಉಳಿಸುವ ದಾಖಲೆಗಳಿಗೆಂದೇ 2005ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್ಒ ಒಪ್ಪಿದ ಮಾದರಿ. ಫೈಲಿಗೆ "ಮದುವೆ-ಸಂಪುಟ03-ಪುಟ014" ಎಂಬಂಥ ಹೆಸರು ಕೊಟ್ಟರೆ ಹುಡುಕಲು ಸಾಫ್ಟ್‌ವೇರೇ ಬೇಕಾಗುವುದಿಲ್ಲ.

ಹಂತ 4: ಹಣದ ಲೆಕ್ಕ

ಸದಸ್ಯರ ಪಟ್ಟಿ ಮತ್ತು ಲೆಕ್ಕಪತ್ರ ಒಂದೇ ಫೈಲಿನಲ್ಲಿ ಇರಬಾರದು. ಎರಡನ್ನೂ ಒಂದೇ ಸಾಫ್ಟ್‌ವೇರ್ ನೋಡಿಕೊಂಡರೂ, ನೋಡುವ ಅನುಮತಿ ಬೇರೆ ಬೇರೆ ಇರಲಿ. ಯಾರು ಎಷ್ಟು ಕೊಡುತ್ತಾರೆ ಎಂಬುದು ಖಜಾಂಚಿಗೆ ಮತ್ತು ಲೆಕ್ಕ ನೋಡುವವರಿಗೆ ಬಿಟ್ಟರೆ ಬೇರೆಯವರಿಗೆ ಬೇಕಿಲ್ಲ.

ಚರ್ಚಿನ ಲೆಕ್ಕ ಅಂಗಡಿಯ ಲೆಕ್ಕದಂತಲ್ಲ. ಛಾವಣಿ ದುರಸ್ತಿಗೆ ಎಂದು ಕೊಟ್ಟ ಹಣ ಬಡವರ ನಿಧಿಗೆ ಹೋಗಬಾರದು, ಅದು ಒಳ್ಳೆಯ ಕೆಲಸವೇ ಆದರೂ. ಬ್ಯಾಂಕಿನಲ್ಲಿ ಎಲ್ಲ ಒಂದೇ ಖಾತೆಯಲ್ಲಿ ಇರಬಹುದು, ಪುಸ್ತಕದಲ್ಲಿ ಪ್ರತಿ ನಿಧಿಯ ಬಾಕಿ ಬೇರೆಯಾಗಿ ಕಾಣಬೇಕು. ಸಾಫ್ಟ್‌ವೇರ್ ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು: ನಿಧಿವಾರು ಲೆಕ್ಕ ಬರುತ್ತದೆಯೇ? ಉಚಿತವಾಗಿ ಸಿಗುವ ಗ್ನೂಕ್ಯಾಶ್ ಎಂಬ ಲೆಕ್ಕದ ಸಾಫ್ಟ್‌ವೇರ್, ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ ಜೋಡಿ ನಮೂದಿನ ಪದ್ಧತಿಯಲ್ಲಿ ಕೆಲಸ ಮಾಡುತ್ತದೆ. ಪ್ರತಿ ನಿಧಿಗೂ ಉಪಖಾತೆ ತೆರೆದು ಅದರಲ್ಲಿ ನಡೆಸಬಹುದು, ಆದರೆ ಲೆಕ್ಕ ಬಲ್ಲವರೊಬ್ಬರು ಶುರುವಿಗೆ ಜೊತೆಗೆ ಕೂರಬೇಕು.

ಕಂಪ್ಯೂಟರ್ ಬಂದರೂ ಕಾಣಿಕೆ ಪೆಟ್ಟಿಗೆಯನ್ನು ಒಂದೇ ಮನೆಯವರಲ್ಲದ ಇಬ್ಬರು ಸೇರಿ ಎಣಿಸುವ ರೂಢಿ ಮುಂದುವರಿಯಲಿ. ಎಣಿಸಿದವರೇ ಲೆಕ್ಕ ನಮೂದಿಸುವುದು ಬೇಡ. ರಸೀದಿ ಸಂಖ್ಯೆ ತಪ್ಪದೆ ಸಾಲಾಗಿ ಬರಬೇಕು, ರದ್ದಾದ ರಸೀದಿಯೂ "ರದ್ದು" ಎಂದು ಉಳಿಯಬೇಕು. ಇವು ಯಾರ ಮೇಲಿನ ಅನುಮಾನದಿಂದಲೂ ಮಾಡುವ ನಿಯಮಗಳಲ್ಲ. ಒಬ್ಬರ ತಲೆಯ ಮೇಲೆ ಸುಮ್ಮನೆ ಆರೋಪ ಬರದಂತೆ ಅವರನ್ನು ಕಾಪಾಡುವುದೂ ಇವೇ.

ಹಂತ 5: ಯಾರಿಗೆ ಏನು ಕಾಣಬೇಕು

ಒಬ್ಬ ವ್ಯಕ್ತಿ ಯಾವ ಧರ್ಮದವರು ಎಂಬುದೇ ಸೂಕ್ಷ್ಮ ಮಾಹಿತಿ. 2018ರ ಮೇ 25ರಿಂದ ಜಾರಿಗೆ ಬಂದ ಯುರೋಪಿನ ಮಾಹಿತಿ ರಕ್ಷಣೆಯ ಕಾಯ್ದೆ ಜಿಡಿಪಿಆರ್‌ನ 9ನೇ ವಿಧಿ ಧಾರ್ಮಿಕ ನಂಬಿಕೆಯನ್ನು ವಿಶೇಷ ರಕ್ಷಣೆಯ ಪಟ್ಟಿಯಲ್ಲಿ ಇಟ್ಟಿದೆ. ಧಾರ್ಮಿಕ ಸಂಸ್ಥೆ ತನ್ನ ಸದಸ್ಯರ ಮಾಹಿತಿ ಇಟ್ಟುಕೊಳ್ಳಬಹುದು, ಅವರ ಒಪ್ಪಿಗೆ ಇಲ್ಲದೆ ಹೊರಗೆ ಕೊಡುವಂತಿಲ್ಲ ಎಂದೂ ಅದು ಹೇಳುತ್ತದೆ. ನೀವಿರುವ ಕಡೆಯ ಕಾನೂನನ್ನು ವಕೀಲರಲ್ಲಿ ಕೇಳಿ. ಕಾನೂನು ಏನೇ ಹೇಳಲಿ, ಈ ಕಾಳಜಿ ಎಲ್ಲ ಕಡೆಗೂ ಸರಿ.

ಒಂದು ಕಾಗದದ ಮೇಲೆ ಅಡ್ಡಕ್ಕೆ ಕೆಲಸಗಾರರು, ಉದ್ದಕ್ಕೆ ಮಾಹಿತಿಯ ಬಗೆ ಬರೆದು, ಯಾರು ನೋಡಬಹುದು, ಯಾರು ತಿದ್ದಬಹುದು ಎಂದು ಗುರುತು ಹಾಕಿ. ಕ್ವೈರ್ ನಾಯಕರಿಗೆ ಕ್ವೈರಿನವರ ಫೋನ್ ನಂಬರ್ ಸಾಕು. ಸಂಡೇ ಸ್ಕೂಲ್ ಮಕ್ಕಳ ಪಟ್ಟಿ, ಅವರನ್ನು ಕರೆದೊಯ್ಯಲು ಯಾರಿಗೆ ಅನುಮತಿ ಇದೆ, ಯಾವ ಅಲರ್ಜಿ ಇದೆ ಎಂಬುದು ಆ ಶಿಕ್ಷಕರಿಗೆ ಮಾತ್ರ.

ಕೆಲವು ವಿಷಯ ಕಂಪ್ಯೂಟರಿಗೆ ಬರಲೇಬಾರದು. ಪಾಪನಿವೇದನೆಯ ಗುಟ್ಟು ಮುರಿಯಲಾಗದ್ದು ಎಂದು ಕ್ಯಾಥೊಲಿಕ್ ಸಂಹಿತೆಯ 983ನೇ ಕಲಮು ಹೇಳುತ್ತದೆ. ಬೇರೆ ಸಭೆಗಳಲ್ಲೂ ಪಾಸ್ಟರರ ಬಳಿ ಒಬ್ಬರೇ ಕೂತು ಹೇಳಿಕೊಂಡ ನೋವು ಅವರಿಬ್ಬರ ನಡುವೆಯೇ ಇರಬೇಕು. "ಮನೆಯಲ್ಲಿ ಜಗಳ" ಎಂದು ಸದಸ್ಯರ ಫೈಲಿನ ಟಿಪ್ಪಣಿಯಲ್ಲಿ ಬರೆದರೆ ಮುಂದಿನ ಐದು ಕಾರ್ಯದರ್ಶಿಗಳು ಅದನ್ನು ಓದುತ್ತಾರೆ. ಪ್ರಾರ್ಥನೆಯ ಕೋರಿಕೆಗಳಲ್ಲೂ ಎಚ್ಚರ ಬೇಕು. ಕಾಯಿಲೆಯ ಹೆಸರನ್ನು ಎಲ್ಲರಿಗೂ ಕಳಿಸುವ ಮೊದಲು ಅವರನ್ನೇ ಕೇಳಿ.

ಪಾಸ್‌ವರ್ಡ್ ವಿಷಯ ಚಿಕ್ಕದು. ಪ್ರತಿಯೊಬ್ಬರಿಗೂ ಬೇರೆ ಲಾಗಿನ್, ಉದ್ದನೆಯ ಪಾಸ್‌ವರ್ಡ್, ಪಾಸ್‌ವರ್ಡ್ ಮ್ಯಾನೇಜರ್, ಇಮೇಲ್ ಮತ್ತು ಬ್ಯಾಂಕಿಗೆ ಎರಡು ಹಂತದ ದೃಢೀಕರಣ. ಆಗಾಗ ಪಾಸ್‌ವರ್ಡ್ ಬದಲಿಸುವ ಹಳೆಯ ನಿಯಮವನ್ನು, ಮಾನದಂಡಗಳನ್ನು ರೂಪಿಸುವ ಅಮೆರಿಕದ ನಿಸ್ಟ್ ಸಂಸ್ಥೆಯೇ 2017ರಲ್ಲಿ ಕೈಬಿಟ್ಟಿತು. ಎಲ್ಲರಿಗೂ ಇಮೇಲ್ ಕಳಿಸುವಾಗ ವಿಳಾಸಗಳನ್ನು, ಒಬ್ಬರದು ಇನ್ನೊಬ್ಬರಿಗೆ ಕಾಣದ ಬಿಸಿಸಿ ಜಾಗದಲ್ಲಿ ಹಾಕಿ.

ಹಂತ 6: ಸಾಫ್ಟ್‌ವೇರ್ ಆರಿಸುವುದು

ಈಗ ಬೇಡಿಕೆ ಪಟ್ಟಿ ಕೈಯಲ್ಲಿದೆ. ದಾರಿ ಮೂರು.

ಚಿಕ್ಕ ಸಭೆಗೆ ಲಿಬ್ರೆಆಫೀಸ್ ಅಥವಾ ಮೈಕ್ರೊಸಾಫ್ಟ್ ಆಫೀಸಿನ ಸ್ಪ್ರೆಡ್‌ಶೀಟ್ ಸಾಕು. ಎರಡನೇ ಹಂತದಲ್ಲಿ ಹೇಳಿದ ಶಿಸ್ತು ಇದ್ದರೆ ಇದು ವರ್ಷಗಟ್ಟಲೆ ನಡೆಯುತ್ತದೆ. ಏಕಕಾಲಕ್ಕೆ ಇಬ್ಬರು ಮೂವರು ತಿದ್ದಬೇಕಾದಾಗ, ಒಬ್ಬೊಬ್ಬರಿಗೆ ಬೇರೆ ಅನುಮತಿ ಬೇಕಾದಾಗ ಇದು ಸೋಲುತ್ತದೆ.

ಎರಡನೆಯದು ಚರ್ಚುಗಳಿಗೆಂದೇ ಮಾಡಿದ ಆನ್‌ಲೈನ್ ಸೇವೆ. ಪ್ಲಾನಿಂಗ್ ಸೆಂಟರ್, ಬ್ರೀಜ್, ಚರ್ಚ್‌ಸೂಟ್ ಈ ಬಗೆಯವು. ಸದಸ್ಯರ ಪಟ್ಟಿ, ಹಾಜರಿ, ಕಾಣಿಕೆ, ಸ್ವಯಂಸೇವಕರ ಸರದಿ ಎಲ್ಲ ಒಂದೇ ಕಡೆ. ನಿರ್ವಹಣೆಯ ತಲೆನೋವು ಕಡಿಮೆ. ಬದಲಿಗೆ ಚಂದಾ ಸದಾ ಕಟ್ಟುತ್ತಿರಬೇಕು, ಮಾಹಿತಿ ಇನ್ನೊಬ್ಬರ ಸರ್ವರಿನಲ್ಲಿ ಇರುತ್ತದೆ.

ಮೂರನೆಯದು ಮುಕ್ತ ಸಾಫ್ಟ್‌ವೇರನ್ನು ನೀವೇ ನಡೆಸುವುದು. ಉದಾಹರಣೆಗೆ ಚರ್ಚ್‌ಸಿಆರ್‌ಎಂ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಸಾಮಾನ್ಯ ವೆಬ್ ಹೋಸ್ಟಿಂಗ್‌ನಲ್ಲೂ ಓಡುತ್ತದೆ. ಆದರೆ ಅಪ್‌ಡೇಟ್ ಮಾಡಲು ಒಬ್ಬರು ಸದಾ ಬೇಕು. ಸಭೆಯಲ್ಲಿರುವ ಉತ್ಸಾಹಿ ಯುವಕರೊಬ್ಬರ ಮೇಲೆ ಎಲ್ಲ ನಿಂತಿದ್ದರೆ ನಾನು ಈ ದಾರಿ ಹೇಳುವುದಿಲ್ಲ. ಅವರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದ ದಿನ ಕಚೇರಿ ನಿಲ್ಲುತ್ತದೆ.

ಯಾವುದನ್ನೇ ನೋಡಿ, ಈ ಪರೀಕ್ಷೆ ಮೊದಲು ಮಾಡಿ. ಇಪ್ಪತ್ತು ಕುಟುಂಬಗಳ ಕಲ್ಪಿತ ಮಾಹಿತಿ ತುಂಬಿ. ಅದರಲ್ಲಿ ಕಷ್ಟದ ಪ್ರಸಂಗಗಳೂ ಇರಲಿ: ಎರಡನೇ ಮದುವೆ, ದತ್ತು ಮಗು, ಒಂದೇ ಹೆಸರಿನ ಇಬ್ಬರು, ಮನೆತನದ ಹೆಸರಿಲ್ಲದೆ ಒಂದೇ ಪದದ ಹೆಸರಿರುವವರು, 1890ರ ದೀಕ್ಷಾಸ್ನಾನ. ಆಮೇಲೆ ಎಲ್ಲವನ್ನೂ, ಯಾವ ಸ್ಪ್ರೆಡ್‌ಶೀಟಿನಲ್ಲೂ ತೆರೆಯಬಹುದಾದ ಸಿಎಸ್‌ವಿ ಫೈಲಾಗಿ ಹೊರಗೆ ತೆಗೆಯಿರಿ, ಟಿಪ್ಪಣಿಗಳೂ ಕಾಣಿಕೆಯ ಇತಿಹಾಸವೂ ಸೇರಿ. ಪೂರ್ತಿ ಹೊರಬಂತೇ? ಬರದಿದ್ದರೆ ಅದು ಎಷ್ಟೇ ಚಂದವಿದ್ದರೂ ಕೈಬಿಡಿ. ಒಳಗೆ ಹೋದ ದಾಖಲೆ ಹೊರಗೆ ಬರಲಾರದು ಎಂದಾದರೆ ಐವತ್ತು ವರ್ಷದ ಮಾತೇ ಇಲ್ಲ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಅಕ್ಷರ ಗೋಜಲಾಗಿ ಕಂಡರೆ ಹೆದರಬೇಡಿ, ಇಂಪೋರ್ಟ್ ಮಾಡುವಾಗ ಯುಟಿಎಫ್-8 ಎಂಬ ಅಕ್ಷರ ಪದ್ಧತಿ ಆರಿಸಿದರೆ ಸರಿಹೋಗುತ್ತದೆ.

ಹಂತ 7: ಯಂತ್ರ

ಇಷ್ಟಾದ ಮೇಲೆ ಇದು ಸುಲಭ. ಕಚೇರಿ ಕೆಲಸಕ್ಕೆ 16 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರುವ ಸಾಧಾರಣ ಕಂಪ್ಯೂಟರ್ ಧಾರಾಳ, 8 ಜಿಬಿಯಲ್ಲೂ ನಡೆಯುತ್ತದೆ. ಯಾರಾದರೂ ಹಳೆಯ ಕಂಪ್ಯೂಟರ್ ದಾನ ಕೊಟ್ಟರೆ ಮೊದಲು ವಿಂಡೋಸ್ 11ಕ್ಕೆ ಅದು ಹೊಂದುತ್ತದೆಯೇ ನೋಡಿ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಂದದಿದ್ದರೆ ಅದಕ್ಕೆ ಲಿನಕ್ಸ್ ಹಾಕಿ ಬಳಸಬಹುದು. ಕೀಲಿ ಇಲ್ಲದೆ ಓದಲಾಗದಂತೆ ಡಿಸ್ಕಿಗೆ ಎನ್‌ಕ್ರಿಪ್ಷನ್ ಹಾಕಿ, ಕಳವಾದರೂ ಸದಸ್ಯರ ಮಾಹಿತಿ ಹೊರಗೆ ಹೋಗುವುದಿಲ್ಲ. ಅದರ ರಿಕವರಿ ಕೀ ಅಚ್ಚು ಹಾಕಿ ಕಬ್ಬಿಣದ ಪೆಟ್ಟಿಗೆಯಲ್ಲಿಡಿ.

ವಾರಕ್ಕೊಮ್ಮೆ ಮಾತ್ರ ಮುದ್ರಿಸುವ ಕಚೇರಿಗೆ ಲೇಸರ್ ಪ್ರಿಂಟರ್ ತೆಗೆದುಕೊಳ್ಳಿ, ಇಂಕ್‌ಜೆಟ್‌ನ ಶಾಯಿ ಬಳಸದೇ ಇದ್ದರೆ ಒಣಗುತ್ತದೆ. ಆರಾಧನೆಯಲ್ಲಿ ಹಾಡು ತೋರಿಸುವ ಕಂಪ್ಯೂಟರ್ ಬೇರೆ, ಕಚೇರಿಯದು ಬೇರೆ. ವೈಫೈ ಬಂದವರಿಗೆಲ್ಲ ಕೊಡುವುದಾದರೆ ಅತಿಥಿಗಳ ಜಾಲ ಪ್ರತ್ಯೇಕವಾಗಿರಲಿ. ಒಂದು ಯುಪಿಎಸ್ ಇರಲಿ.

ಹಂತ 8: ಬ್ಯಾಕಪ್

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕಟ್ಟಡದ ಹೊರಗೆ. ಇದನ್ನು 3-2-1 ನಿಯಮ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಒಂದು, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲಿ ಒಂದು. ಹಾರ್ಡ್‌ಡಿಸ್ಕನ್ನು ಬ್ಯಾಕಪ್ ಮುಗಿದ ಕೂಡಲೇ ಬಿಚ್ಚಿಡಿ. ಸದಾ ಸಿಕ್ಕಿಸಿಟ್ಟರೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಅದನ್ನೂ ಬೀಗ ಹಾಕಿಬಿಡುತ್ತದೆ. ಗೂಗಲ್ ಡ್ರೈವ್‌ನಂಥ ಸಿಂಕ್ ಸೇವೆಯೊಂದೇ ಬ್ಯಾಕಪ್ ಆಗುವುದಿಲ್ಲ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ.

ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ. ವರ್ಷಕ್ಕೊಮ್ಮೆ ಸದಸ್ಯರ ಪಟ್ಟಿ ಮತ್ತು ಆ ವರ್ಷದ ಸೂಚಿಯನ್ನು ಒಳ್ಳೆಯ ಕಾಗದದ ಮೇಲೆ ಮುದ್ರಿಸಿ ಬೈಂಡ್ ಮಾಡಿಸಿ.

ಹಂತ 9: ಬದಲಾವಣೆ ಜಾರಿಗೆ ತರುವುದು

ಅಡ್ವೆಂಟ್ ಅಥವಾ ಲೆಂಟ್ ಹೊತ್ತಿನಲ್ಲಿ ಶುರುಮಾಡಬೇಡಿ. ಕಚೇರಿಗೆ ಉಸಿರಾಡಲು ಸಮಯವಿರುವ ತಿಂಗಳು ಹಿಡಿಯಿರಿ. ಮೊದಲು ಸದಸ್ಯರ ಪಟ್ಟಿ, ಅದು ನೆಲೆಯಾದ ಮೇಲೆ ಕಾಣಿಕೆ, ಆಮೇಲೆ ರಿಜಿಸ್ಟರ್ ಸೂಚಿ. ಲೆಕ್ಕಕ್ಕೆ ಹೊಸ ಹಣಕಾಸು ವರ್ಷದ ಮೊದಲ ದಿನವೇ ಸರಿಯಾದ ದಿನ. ಕನಿಷ್ಠ ಮೂರು ತಿಂಗಳು ಹಳೆಯದು ಹೊಸದು ಎರಡೂ ನಡೆದು, ತಿಂಗಳ ಕೊನೆಗೆ ಎರಡರ ಮೊತ್ತ ತಾಳೆಯಾಗಬೇಕು.

ರಿಜಿಸ್ಟರ್ ಸೂಚಿಯನ್ನು ಈಚಿನ ವರ್ಷದಿಂದ ಹಿಂದಕ್ಕೆ ತುಂಬುತ್ತಾ ಹೋಗಿ. ಜನ ಜಾಸ್ತಿ ಕೇಳುವುದು ಬದುಕಿರುವವರ ದಾಖಲೆಯನ್ನು. ಸ್ವಯಂಸೇವಕರು ಇಬ್ಬಿಬ್ಬರಾಗಿ ಕೂರಲಿ, ಒಬ್ಬರು ಪುಸ್ತಕ ಓದಿ ಹೇಳಲಿ, ಒಬ್ಬರು ಟೈಪ್ ಮಾಡಲಿ. ಮರುದಿನ ಬೇರೆ ಜೋಡಿ ಹತ್ತಕ್ಕೊಂದು ನಮೂದನ್ನು ಪುಸ್ತಕದೊಂದಿಗೆ ಹೋಲಿಸಿ ನೋಡಲಿ. ಹಳೆಯ ಕೈಬರಹ ಓದಬಲ್ಲ ಹಿರಿಯರು ಇದ್ದರೆ ಈಗಲೇ ಕರೆಯಿರಿ, ಕಾಯಬೇಡಿ. ಟೈಪಿಂಗ್ ಯಾರಾದರೂ ಕಲಿಯುತ್ತಾರೆ. ಆ ಅಕ್ಷರ ಓದುವ ಅಭ್ಯಾಸ, ಆ ಮನೆತನಗಳ ನೆನಪು ಅವರ ಬಳಿ ಮಾತ್ರ ಇದೆ.

ಹಂತ 10: ಹಸ್ತಾಂತರದ ಕಡತ

ಚರ್ಚಿನ ಇಮೇಲ್ ಹುದ್ದೆಯ ಹೆಸರಿನಲ್ಲಿರಲಿ, ವ್ಯಕ್ತಿಯ ಹೆಸರಿನಲ್ಲಿ ಅಲ್ಲ. ವೆಬ್ ವಿಳಾಸ, ಸಾಫ್ಟ್‌ವೇರ್ ಚಂದಾ, ಕ್ಲೌಡ್ ಖಾತೆ ಇವೆಲ್ಲ ಯಾರೊಬ್ಬರ ಸ್ವಂತ ಇಮೇಲಿಗೂ ಸ್ವಂತ ಫೋನಿಗೂ ಅಂಟಿಕೊಂಡಿರಬಾರದು. ಒಂದು ಕಡತದಲ್ಲಿ ಇಷ್ಟು ಬರೆದಿಡಿ: ಯಾವ ಖಾತೆ ಎಲ್ಲಿದೆ, ಯಾವಾಗ ನವೀಕರಿಸಬೇಕು, ಬ್ಯಾಕಪ್ ಎಲ್ಲಿದೆ, ಪ್ರಮಾಣಪತ್ರ ಮುದ್ರಿಸುವ ಕ್ರಮ ಯಾವುದು, ಪ್ರತಿ ಕಾಲಮ್‌ನ ಅರ್ಥ ಏನು, ತೊಂದರೆ ಬಂದರೆ ಯಾರನ್ನು ಕೇಳಬೇಕು. ಪಾಸ್‌ವರ್ಡ್ ಮ್ಯಾನೇಜರಿನ ಮುಖ್ಯ ಕೀಲಿ ಮುಚ್ಚಿದ ಲಕೋಟೆಯಲ್ಲಿ, ಇಬ್ಬರು ಪದಾಧಿಕಾರಿಗಳ ಸಹಿಯೊಂದಿಗೆ, ಪೆಟ್ಟಿಗೆಯಲ್ಲಿರಲಿ. ಯಾರಾದರೂ ಹುದ್ದೆ ಬಿಟ್ಟ ದಿನವೇ ಅವರ ಲಾಗಿನ್ ಮುಚ್ಚಿ, ಲಕೋಟೆಯನ್ನೂ ಬದಲಿಸಿ.

ಆ ಕಡತ ಪೂರ್ತಿಯಾಗಿದೆಯೇ ಎಂದು ತಿಳಿಯಲು ಕಾರ್ಯದರ್ಶಿ ರಜೆಯಲ್ಲಿರುವ ಒಂದು ದಿನ ಆರಿಸಿಕೊಳ್ಳಿ. ಕಚೇರಿ ಕೆಲಸ ಗೊತ್ತಿಲ್ಲದ ಒಬ್ಬ ಸಮಿತಿ ಸದಸ್ಯರ ಕೈಗೆ ಅದನ್ನು ಕೊಟ್ಟು, ಇಪ್ಪತ್ತು ವರ್ಷ ಹಿಂದಿನ ಒಂದು ದೀಕ್ಷಾಸ್ನಾನದ ಪ್ರಮಾಣಪತ್ರ ತಯಾರಿಸಲು ಹೇಳಿ. ಅವರು ಫೋನ್ ಮಾಡಿ ಕೇಳಿದ ಪ್ರತಿಯೊಂದು ಪ್ರಶ್ನೆಗೂ ಉತ್ತರವನ್ನು ಅದೇ ಕಡತಕ್ಕೆ ಸೇರಿಸಿ.